ಆರಿದ್ರ ಮಳೆ, ಹೊಸತೊಡಕಿನ ಮರಿ, ಒಂದು ತುಂಡು ಸ್ಪಂಜು

ಯುಗಾದಿಯ ಮಾರನೆಯ ದಿನ ತುಮಕೂರು ಸೀಮೆಯಲ್ಲಿ ಹೊಸತೊಡಕು. ಹಿಂದಿನ ದಿನ ಒಬ್ಬಟ್ಟು ಉಂಡ ಮನೆಗಳಲ್ಲಿ ಅಂದು ಬಾಡೂಟ. ಅದಕ್ಕೂ ಮುಂಚಿನ ವಾರಗಳಲ್ಲಿ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಸಂತೆಗಳಲ್ಲಿ ಕುರಿ ಸಾಕಿದವನ ಮಾತಿಗೆ ತೂಕ ಬರುತ್ತದೆ. ಏಳೆಂಟು ತಿಂಗಳ, ಮೈತುಂಬಿದ ಗಂಡುಮರಿ ಇದ್ದವನು ಹೇಳಿದ್ದೇ ರೇಟು.

ಒಂದು ಲೆಕ್ಕ ಹಾಕೋಣ. ಮಾರ್ಚ್ ಕೊನೆಗೆ ಮರಿಗೆ ಏಳೆಂಟು ತಿಂಗಳು ತುಂಬಿರಬೇಕಾದರೆ ಅದು ಹುಟ್ಟಬೇಕಾದದ್ದು ಹಿಂದಿನ ಆಗಸ್ಟ್‌ನಲ್ಲಿ. ಕುರಿ ಗಬ್ಬ ಹೊರುವುದು 147ರಿಂದ 150 ದಿನ, ಸರಿಸುಮಾರು ಐದು ತಿಂಗಳು. ಹಾಗಾದರೆ ತಾಯಿಕುರಿ ಟಗರಿನೊಂದಿಗೆ ಕೂಡಬೇಕಾದದ್ದು ಆ ವರ್ಷದ ಮಾರ್ಚ್‌ನಲ್ಲಿ. ಮಧುಗಿರಿ ತಾಲ್ಲೂಕಿನ ದೊಡ್ಡೇರಿ ಹೋಬಳಿಯಲ್ಲಿ ಮಾರ್ಚ್ ಹೇಗಿರುತ್ತದೆಂದು ಅಲ್ಲಿಯವರಿಗೆ ಹೇಳಬೇಕಾಗಿಲ್ಲ. ರಾಗಿಯ ಕೂಳೆ ಮುಗಿದಿರುತ್ತದೆ. ಗುಡ್ಡದ ಹುಲ್ಲು ಒಣಗಿರುತ್ತದೆ. ಬಳ್ಳಾರಿ ಜಾಲಿಯ ಕಾಯಿ ಆಯ್ದು ತಿನ್ನುತ್ತ ಹಿಂಡು ದಿನವಿಡೀ ಅಲೆಯುತ್ತದೆ. ಪಕ್ಕೆಲುಬು ಎಣಿಸುವಂತಿರುವ ಕುರಿಗೆ ಬೆದೆಯ ನೆನಪೇ ಇರುವುದಿಲ್ಲ.

ಅದೇ ಕುರಿ ರೋಹಿಣಿ, ಮೃಗಶಿರ ಮಳೆ ಬಿದ್ದು ಆರಿದ್ರದ ಹೊತ್ತಿಗೆ ಹಸಿರು ಕಂಡರೆ ತಾನಾಗಿ ಬೆದೆಗೆ ಬರುತ್ತದೆ. ಜುಲೈನಲ್ಲಿ ಗಬ್ಬವಾದದ್ದು ಡಿಸೆಂಬರ್‌ನಲ್ಲಿ ಈಯುತ್ತದೆ. ಆಗ ಕಡಲೆಕಾಯಿ ಬಳ್ಳಿ, ರಾಗಿ ಹುಲ್ಲು, ಕೊಯ್ದ ಹೊಲ ಎಲ್ಲವೂ ಇರುತ್ತವೆ. ತಾಯಿಗೆ ಹಾಲು, ಮರಿಗೆ ಕಸುವು. ಕುರಿಗೆ ಇದು ಸರಿ. ಆದರೆ ಸಂತೆಯ ಕ್ಯಾಲೆಂಡರು ಬೇರೆ. ಹೊಸತೊಡಕಿನ ಜೊತೆಗೆ ಬಕ್ರೀದ್ ಇದೆ. ಅದು ಪ್ರತಿವರ್ಷ ಸುಮಾರು 11 ದಿನ ಹಿಂದಕ್ಕೆ ಸರಿಯುತ್ತ 33 ವರ್ಷಕ್ಕೊಮ್ಮೆ ಇಡೀ ವರ್ಷವನ್ನು ಸುತ್ತಿಬರುತ್ತದೆ. ಮಳೆಯ ಲೆಕ್ಕದಲ್ಲಿ ಹುಟ್ಟುವ ಮರಿಯನ್ನು ಸಂತೆಯ ಲೆಕ್ಕಕ್ಕೆ ಹೊಂದಿಸಲು ಹಾರ್ಮೋನಿನಿಂದ ಸಾಧ್ಯವೇ? ಸಾಧ್ಯ ಎನ್ನುತ್ತದೆ ವಿಜ್ಞಾನ. ಆದರೆ ಆ ಉತ್ತರದ ಬೆನ್ನಿಗೇ ಕೆಲವು ಷರತ್ತುಗಳಿವೆ, ಮತ್ತು ಅವು ಇಂಗ್ಲೆಂಡಿಗೂ ದೊಡ್ಡೇರಿಗೂ ಒಂದೇ ಅಲ್ಲ.

ಬಿಸಿಲಿನ ಬೀಗ

ಇಂಗ್ಲೆಂಡ್, ಸ್ಕಾಟ್ಲೆಂಡಿನ ಬಹುತೇಕ ತಳಿಯ ಕುರಿಗಳು ವರ್ಷದ ಸುಮಾರು ಅರ್ಧ ಭಾಗ ಟಗರನ್ನು ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಬೇಸಿಗೆ ಕಳೆದು ಹಗಲು ಮೊಟಕಾಗತೊಡಗಿದಾಗ ಬೆದೆಗೆ ಬರುತ್ತವೆ. ಚಳಿಗಾಲ ಮುಗಿದು ಹುಲ್ಲು ಚಿಗುರುವ ಹೊತ್ತಿಗೆ ಈಯುತ್ತವೆ. ಹಗಲಿನ ಉದ್ದವೇ ಇದಕ್ಕೆ ಕಾರಣವೆಂದು ತೋರಿಸಿದ ಹೆಸರಾಂತ ಪ್ರಯೋಗ ನಡೆದದ್ದು ಕೇಂಬ್ರಿಜ್‌ನಲ್ಲಿ. ಯೇಟ್ಸ್ ಎಂಬ ವಿಜ್ಞಾನಿ ಕುರಿಗಳನ್ನು ಕೊಟ್ಟಿಗೆಯಲ್ಲಿ ಕೂಡಿಹಾಕಿ, ದೀಪ ಉರಿಸಿ ಆರಿಸಿ ಬೇಸಿಗೆಯ ಹಗಲನ್ನು ಚಳಿಗಾಲಕ್ಕೂ ಚಳಿಗಾಲದ ಹಗಲನ್ನು ಬೇಸಿಗೆಗೂ ತಂದರು. ಕುರಿಗಳ ಬೆದೆಗಾಲವೂ ತಿರುಗಿಕೊಂಡಿತು. ಫಲಿತಾಂಶ ಪ್ರಕಟವಾದದ್ದು 1949ರಲ್ಲಿ.

ಹಗಲಿನ ಉದ್ದ ಕುರಿಯ ಅಂಡಾಶಯಕ್ಕೆ ತಿಳಿಯುವುದು ಹೇಗೆ? ಸುದ್ದಿ ಒಯ್ಯುವುದು ಮೆಲಟೋನಿನ್. 1958ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಆರನ್ ಲರ್ನರ್ ತಂಡ ದನಗಳ ಪೀನಿಯಲ್ ಗ್ರಂಥಿಯಿಂದ ಇದನ್ನು ಬೇರ್ಪಡಿಸಿತು. ಮಿದುಳಿನ ನಡುವೆ ಕೂತ ಈ ಪುಟ್ಟ ಗ್ರಂಥಿ ಕತ್ತಲಾದಾಗ ಮಾತ್ರ ಮೆಲಟೋನಿನ್ ಸುರಿಸುತ್ತದೆ. ಇರುಳು ಉದ್ದವಾದಷ್ಟೂ ಅದು ರಕ್ತದಲ್ಲಿ ಹೆಚ್ಚು ಹೊತ್ತು ಇರುತ್ತದೆ. 1980ರ ದಶಕದ ಆರಂಭದಲ್ಲಿ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಫ್ರೆಡ್ ಕಾರ್ಷ್ ಮತ್ತು ಸಂಗಡಿಗರು ಪೀನಿಯಲ್ ಗ್ರಂಥಿಯನ್ನೇ ತೆಗೆದ ಕುರಿಗಳಿಗೆ ಹೊರಗಿನಿಂದ ಮೆಲಟೋನಿನ್ ಕೊಟ್ಟು ನೋಡಿದರು. ಎಷ್ಟು ಗಂಟೆ ಕೊಟ್ಟರೋ ಅಷ್ಟು ಉದ್ದದ ಇರುಳು ಎಂದು ಕುರಿಯ ಮೈ ನಂಬಿತು.

ಈ ಸುದ್ದಿ ಕೊನೆಗೆ ತಲುಪುವುದು ಮಿದುಳಿನ ಬುಡದಲ್ಲಿರುವ ಹೈಪೋಥಲಮಸ್‌ಗೆ. ಅಲ್ಲಿಂದ ಹೊರಡುವ ಜಿಎನ್‌ಆರ್‌ಎಚ್ ಎಂಬ ಹಾರ್ಮೋನು ಪಿಟ್ಯುಟರಿ ಗ್ರಂಥಿಯನ್ನು ಎಬ್ಬಿಸುತ್ತದೆ, ಪಿಟ್ಯುಟರಿ ಅಂಡಾಶಯವನ್ನು ಎಬ್ಬಿಸುತ್ತದೆ. ಹೈಪೋಥಲಮಸ್ಸಿನ ಹಾರ್ಮೋನುಗಳನ್ನು ಪತ್ತೆಹಚ್ಚಿದ್ದರಲ್ಲಿ ಕುರಿಗೂ ಪಾಲಿದೆ. ಕಸಾಯಿಖಾನೆಗಳಿಂದ ಲಕ್ಷಾಂತರ ಕುರಿಗಳ ಮಿದುಳಿನ ತುಣುಕು ತರಿಸಿ ರೋಜರ್ ಗಿಲ್ಲೆಮಿನ್, ಹಂದಿಗಳ ಮಿದುಳಿನಿಂದ ಆಂಡ್ರ್ಯೂ ಶಾಲಿ ಪೈಪೋಟಿಯಲ್ಲಿ ಈ ಹಾರ್ಮೋನುಗಳನ್ನು ಶೋಧಿಸಿದರು. ಹತ್ತೇ ಅಮೈನೋ ಆಮ್ಲಗಳ ಜಿಎನ್‌ಆರ್‌ಎಚ್‌ನ ರಚನೆ 1971ರಲ್ಲಿ ಬಯಲಾಯಿತು. 1977ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಹಗಲು ಉದ್ದವಿರುವ ತಿಂಗಳುಗಳಲ್ಲಿ ಈ ಹಾರ್ಮೋನಿನ ಮಿಡಿತ ತೀರಾ ವಿರಳ. ಬೀಗ ಬಿದ್ದಂತೆ ಅಂಡಾಶಯ ಸುಮ್ಮನಾಗುತ್ತದೆ.

ಮಳೆಯ ಬೀಗ

ಮಧುಗಿರಿ ಇರುವುದು ಉತ್ತರ ಅಕ್ಷಾಂಶ ಸುಮಾರು 13.7 ಡಿಗ್ರಿಯಲ್ಲಿ. ಇಲ್ಲಿ ವರ್ಷದ ಅತಿ ಉದ್ದದ ಹಗಲಿಗೂ ಅತಿ ಗಿಡ್ಡ ಹಗಲಿಗೂ ಇರುವ ಅಂತರ ಒಂದೂವರೆ ಗಂಟೆಯ ಆಸುಪಾಸು. ಲಂಡನ್ನಿನಲ್ಲಿ ಅದು ಒಂಬತ್ತು ಗಂಟೆಗೆ ಹತ್ತಿರ. ಹಾಗಾಗಿ ನಮ್ಮ ಕುರಿಗೆ ಸೂರ್ಯ ಹಾಕಿದ ಬೀಗ ಬಲು ಸಡಿಲ. ಮೇವು ಸಿಕ್ಕರೆ ದಕ್ಷಿಣ ಭಾರತದ ನಾಟಿ ಕುರಿ ವರ್ಷದ ಯಾವ ತಿಂಗಳಲ್ಲಾದರೂ ಬೆದೆಗೆ ಬರಬಲ್ಲದು.

ಆದರೂ ಮರಿಗಳು ಗುಂಪುಗುಂಪಾಗಿ, ಕೆಲವೇ ತಿಂಗಳುಗಳಲ್ಲಿ ಹುಟ್ಟುತ್ತವೆ. ಕಾರಣ ಹೊಟ್ಟೆ. ಹೈಪೋಥಲಮಸ್ ಹಗಲನ್ನು ಮಾತ್ರ ಅಳೆಯುವುದಿಲ್ಲ, ಮೈಯಲ್ಲಿ ಎಷ್ಟು ಕೊಬ್ಬಿದೆ, ರಕ್ತದಲ್ಲಿ ಎಷ್ಟು ಸಕ್ಕರೆ ಓಡಾಡುತ್ತಿದೆ ಎಂಬುದನ್ನೂ ಅಳೆಯುತ್ತದೆ. ಕೊಬ್ಬಿನ ಕೋಶಗಳಿಂದ ಬರುವ ಲೆಪ್ಟಿನ್, ಉಂಡ ಮೇಲೆ ಏರುವ ಇನ್ಸುಲಿನ್ ಅದಕ್ಕೆ ವರದಿ ಒಪ್ಪಿಸುತ್ತವೆ. ವರದಿ ಕೆಟ್ಟದ್ದಿದ್ದರೆ ಜಿಎನ್‌ಆರ್‌ಎಚ್‌ನ ಮಿಡಿತ ನಿಧಾನವಾಗುತ್ತದೆ. ಐದು ತಿಂಗಳು ಗಬ್ಬ ಹೊತ್ತು, ಮೂರು ತಿಂಗಳು ಹಾಲೂಡುವ ಕೆಲಸಕ್ಕೆ ಈ ಮೈ ಸಾಲದು ಎಂಬ ತೀರ್ಮಾನ ಅದು.

ಪಾಶ್ಚಾತ್ಯ ಪುಸ್ತಕದ ಚಿಕಿತ್ಸೆಯನ್ನು ಹಾಗೇ ಇಲ್ಲಿಗೆ ತಂದರೆ ಎಡವುವುದು ಇಲ್ಲೇ. ಆಸ್ಟ್ರೇಲಿಯಾ, ಯುರೋಪಿನಲ್ಲಿ ಕುರಿಯ ಕಿವಿಯ ಬುಡದಲ್ಲಿ ಚರ್ಮದಡಿ 18 ಮಿಲಿಗ್ರಾಂ ಮೆಲಟೋನಿನ್ ಗುಳಿಗೆ ಇಡುತ್ತಾರೆ. ಅದು ನಿಧಾನಕ್ಕೆ ಕರಗುತ್ತ, ಚಳಿಗಾಲದ ಉದ್ದ ಇರುಳು ಬಂತೆಂದು ಮೈಗೆ ಹೇಳುತ್ತದೆ. ಬೆದೆಗಾಲ ಕೆಲವು ವಾರ ಮೊದಲೇ ತೆರೆಯುತ್ತದೆ. ದೊಡ್ಡೇರಿಯ ಕುರಿಗೆ ಈ ಕೀಲಿ ಕೊಟ್ಟು ಹೆಚ್ಚಿನ ಪ್ರಯೋಜನವಿಲ್ಲ. ಅದು ಬಿಸಿಲಿನ ಬೀಗದ ಕೀಲಿ. ಇಲ್ಲಿ ಬಿದ್ದಿರುವುದು ಮಳೆಯ ಬೀಗ.

ಹದಿನೇಳು ದಿನದ ಸುತ್ತು

ಹಾಗಾದರೆ ನಮಗೆ ಉಪಯೋಗಕ್ಕೆ ಬರುವ ಹಾರ್ಮೋನು ಯಾವುದು? ಅದಕ್ಕೆ ಬೆದೆಯ ಸುತ್ತನ್ನು ನೋಡಬೇಕು.

ಮೈ ಚೆನ್ನಾಗಿರುವ, ಗಬ್ಬವಿಲ್ಲದ ಕುರಿ 16-17 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ. ಬೆದೆ ಇರುವುದು ಒಂದರಿಂದ ಒಂದೂವರೆ ದಿನ. ಅದರ ಕೊನೆಯ ಹೊತ್ತಿಗೆ ಅಂಡಾಶಯದಿಂದ ಅಂಡ ಹೊರಬೀಳುತ್ತದೆ. ಅಂಡ ಬಿಟ್ಟುಹೋದ ಜಾಗ ಖಾಲಿ ಉಳಿಯುವುದಿಲ್ಲ. ಅಲ್ಲಿ ಕಾರ್ಪಸ್ ಲೂಟಿಯಂ ಎಂಬ ಗಂಟು ಬೆಳೆದು ಪ್ರೊಜೆಸ್ಟರಾನ್ ಹಾರ್ಮೋನು ತಯಾರಿಸುತ್ತದೆ. ಪ್ರೊಜೆಸ್ಟರಾನ್ ಇರುವಷ್ಟು ದಿನ ಮತ್ತೆ ಬೆದೆ ಬರುವುದಿಲ್ಲ, ಗರ್ಭಕೋಶ ಮರಿಗಾಗಿ ಸಿದ್ಧವಾಗುತ್ತದೆ.

ಸುಮಾರು 13-14ನೆಯ ದಿನ ಗರ್ಭಕೋಶ ಒಂದು ತೀರ್ಮಾನಕ್ಕೆ ಬರಬೇಕು. ಭ್ರೂಣವಿದ್ದರೆ ಅದು ಇಂಟರ್‌ಫೆರಾನ್ ಟೌ ಎಂಬ ಪ್ರೋಟೀನು ಸುರಿಸಿ ತಾನಿದ್ದೇನೆಂದು ತಿಳಿಸುತ್ತದೆ. ಆ ಸುಳಿವು ಸಿಗದಿದ್ದರೆ ಗರ್ಭಕೋಶ ಪ್ರೊಸ್ಟಗ್ಲಾಂಡಿನ್ ಕಳಿಸಿ ಗಂಟನ್ನು ಕರಗಿಸುತ್ತದೆ. ಪ್ರೊಜೆಸ್ಟರಾನ್ ಕುಸಿಯುತ್ತದೆ, ಎರಡು-ಮೂರು ದಿನದಲ್ಲಿ ಮತ್ತೆ ಬೆದೆ. ಗಂಟು ಕರಗಿಸುವ ಈ ಕೆಲಸ ಪ್ರೊಸ್ಟಗ್ಲಾಂಡಿನ್ ಎಫ್2 ಆಲ್ಫಾದ್ದು ಎಂದು ಮೆಕ್‌ಕ್ರಾಕನ್ ತಂಡ 1972ರಲ್ಲಿ ಕುರಿಗಳಲ್ಲೇ ತೋರಿಸಿತು.

ಮೂವತ್ತು ಕುರಿಯ ಹಿಂಡಿನಲ್ಲಿ ಒಂದೊಂದೂ ಈ ಸುತ್ತಿನ ಬೇರೆಬೇರೆ ದಿನದಲ್ಲಿರುತ್ತದೆ. ಆದ್ದರಿಂದ ಮರಿಗಳು ವಾರಗಟ್ಟಲೆ ಹಿಂದುಮುಂದಾಗಿ ಹುಟ್ಟುತ್ತವೆ. ಎಲ್ಲವನ್ನೂ ಒಂದೇ ದಿನಕ್ಕೆ ತರಬೇಕಾದರೆ ಎರಡು ದಾರಿ: ಇರುವ ಗಂಟನ್ನು ಕರಗಿಸುವುದು, ಇಲ್ಲವೇ ಗಂಟಿನ ಕೆಲಸವನ್ನು ಹೊರಗಿನಿಂದ ಮಾಡಿ ಒಮ್ಮೆಗೇ ನಿಲ್ಲಿಸುವುದು.

ಮೊದಲನೆಯದು ಪ್ರೊಸ್ಟಗ್ಲಾಂಡಿನ್ ಇಂಜೆಕ್ಷನ್. 9ರಿಂದ 11 ದಿನದ ಅಂತರದಲ್ಲಿ ಎರಡು ಸಲ. ಅಗ್ಗ, ಸುಲಭ. ಆದರೆ ಕರಗಿಸಲು ಗಂಟೇ ಇಲ್ಲದ, ಅಂದರೆ ಬೆದೆಗೆ ಬರುವುದನ್ನೇ ನಿಲ್ಲಿಸಿದ ಮಾರ್ಚಿನ ಕುರಿಗೆ ಇದರಿಂದ ಏನೂ ಆಗದು. ಇನ್ನೊಂದು ಅಪಾಯವಿದೆ. ಗಬ್ಬದ ಮೊದಲ ಐವತ್ತು ದಿನ ಕುರಿ ಈ ಗಂಟನ್ನೇ ನಂಬಿರುತ್ತದೆ, ಆಮೇಲೆ ಮಾಸು ಆ ಹೊಣೆ ಹೊರುತ್ತದೆ. ಹೊಸ ಗಬ್ಬ ಗೊತ್ತಾಗದೆ ಇಂಜೆಕ್ಷನ್ ಹಾಕಿದರೆ ಕುರಿ ಕಂದು ಹಾಕುತ್ತದೆ. ಗರ್ಭಿಣಿಯರು ಈ ಔಷಧಿಯನ್ನು ಮುಟ್ಟಲೂಬಾರದು. ಚರ್ಮದ ಮೂಲಕವೂ ಅದು ಮೈಸೇರುತ್ತದೆ.

ಸ್ಪಂಜು ಮಾಡುವ ಕೆಲಸ

ಎರಡನೆಯ ದಾರಿ ಸ್ಪಂಜಿನದು. ಸಿಡ್ನಿ ವಿಶ್ವವಿದ್ಯಾಲಯದ ಟೆರೆನ್ಸ್ ರಾಬಿನ್‌ಸನ್ 1964ರಲ್ಲಿ ಇದನ್ನು ವರದಿ ಮಾಡಿದರು. ಪ್ರೊಜೆಸ್ಟರಾನ್ ಬಗೆಯ ಹಾರ್ಮೋನು ಹೀರಿಸಿದ ಸಣ್ಣ ಸ್ಪಂಜನ್ನು ಕುರಿಯ ಯೋನಿಯಲ್ಲಿಟ್ಟು, ಅದಕ್ಕೆ ಕಟ್ಟಿದ ದಾರವನ್ನು ಹೊರಗೆ ಬಿಡುತ್ತಾರೆ. 12ರಿಂದ 14 ದಿನ ಅದು ಒಳಗಿರುತ್ತದೆ. ಅಷ್ಟರಲ್ಲಿ ಕುರಿಯದೇ ಗಂಟು ಏನಾದರೂ ಇದ್ದರೆ ತಾನಾಗಿ ಕರಗಿಹೋಗಿರುತ್ತದೆ; ಬೆದೆಯನ್ನು ತಡೆಹಿಡಿದಿರುವುದು ಸ್ಪಂಜೊಂದೇ. ದಾರ ಎಳೆದು ತೆಗೆದ ಕೂಡಲೇ ಎಲ್ಲ ಕುರಿಗಳಲ್ಲೂ ಹಾರ್ಮೋನು ಒಮ್ಮೆಗೇ ಕುಸಿಯುತ್ತದೆ. ಒಂದೂವರೆ-ಎರಡು ದಿನದಲ್ಲಿ ಹಿಂಡಿನ ಬಹುಪಾಲು ಬೆದೆಗೆ ಬರುತ್ತದೆ.

ಬೆದೆಗಾಲವಲ್ಲದ ತಿಂಗಳಲ್ಲಿ ಸ್ಪಂಜು ಒಂದೇ ಸಾಲದು. ತೆಗೆಯುವ ದಿನ ಇಸಿಜಿ ಎಂಬ ಹಾರ್ಮೋನನ್ನು, ಸಾಮಾನ್ಯವಾಗಿ 200ರಿಂದ 500 ಯೂನಿಟ್, ಇಂಜೆಕ್ಷನ್ ಕೊಡುತ್ತಾರೆ. ಹಳಬರು ಇದನ್ನು ಪಿಎಂಎಸ್‌ಜಿ ಎನ್ನುತ್ತಾರೆ. ಗಬ್ಬವಾದ ಹೆಣ್ಣುಕುದುರೆಯ ರಕ್ತದಲ್ಲಿ ಇದು ಇರುವುದನ್ನು 1930ರಲ್ಲಿ ಕ್ಯಾಲಿಫೋರ್ನಿಯಾದ ಕೋಲ್ ಮತ್ತು ಹಾರ್ಟ್ ಕಂಡುಹಿಡಿದರು. ಪಿಟ್ಯುಟರಿಯ ಸದ್ದಿಲ್ಲದಿದ್ದರೂ ಅಂಡಾಶಯವನ್ನು ನೇರವಾಗಿ ಎಬ್ಬಿಸುವ ಬಲ ಇದಕ್ಕಿದೆ. ಇದನ್ನು ಬಹುಮಟ್ಟಿಗೆ ಬಸುರಿ ಕುದುರೆಗಳ ರಕ್ತದಿಂದ ತೆಗೆಯುವುದರಿಂದ ಪ್ರಾಣಿದಯೆಯ ಪ್ರಶ್ನೆ ಎದ್ದಿದೆ. ಪದೇಪದೇ ಕೊಟ್ಟರೆ ಕುರಿಯ ಮೈ ಅದರ ವಿರುದ್ಧ ಪ್ರತಿಕಾಯ ಬೆಳೆಸಿ ಪರಿಣಾಮ ಕುಗ್ಗಿಸುತ್ತದೆ.

ಭಾರತದಲ್ಲಿ ಈ ವಿದ್ಯೆಯ ಮುಖ್ಯ ನೆಲೆ ರಾಜಸ್ಥಾನದ ಅವಿಕಾನಗರದಲ್ಲಿ 1962ರಲ್ಲಿ ಶುರುವಾದ ಕೇಂದ್ರೀಯ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆ. ಆಮದು ಸ್ಪಂಜು ದುಬಾರಿಯಾದ್ದರಿಂದ ಅಲ್ಲಿನ ವಿಜ್ಞಾನಿಗಳು ‘ಅವಿಕೆಸಿಲ್-ಎಸ್’ ಎಂಬ ದೇಶೀ ಸ್ಪಂಜು ರೂಪಿಸಿದರು. ಕುರಿಗಳಲ್ಲಿ ಕೃತಕ ಗರ್ಭಧಾರಣೆಗೆ ಹಿಂಡನ್ನು ಒಂದೇ ದಿನಕ್ಕೆ ಸಜ್ಜುಗೊಳಿಸುವುದು ಅದರ ಕೆಲಸ. ಹಸುವಿನಲ್ಲಿ ಮಾಮೂಲಾಗಿರುವ ಕೃತಕ ಗರ್ಭಧಾರಣೆ ಕುರಿಯಲ್ಲಿ ಹಿಂದುಳಿದದ್ದಕ್ಕೆ ಕಾರಣ ಗರ್ಭಕೋಶದ ಕೊರಳು. ಅದರ ಒಳಗೆ ಅಡ್ಡಾದಿಡ್ಡಿ ಮಡಿಕೆಗಳಿದ್ದು ನಳಿಕೆ ತೂರುವುದಿಲ್ಲ. ತಾಜಾ ವೀರ್ಯವನ್ನು ಕೊರಳಿನ ಬಾಯಲ್ಲಿ ಬಿಟ್ಟರೆ ಒಂದಷ್ಟು ಕುರಿ ಗಬ್ಬವಾಗುತ್ತವೆ. ಹೆಪ್ಪುಗಟ್ಟಿಸಿದ ವೀರ್ಯಕ್ಕಾದರೆ ಲ್ಯಾಪರೊಸ್ಕೋಪ್ ಹಾಕಿ ನೇರ ಗರ್ಭಕೋಶಕ್ಕೆ ಸೇರಿಸಬೇಕು.

ಟಗರನ್ನೇ ಬಿಡುವವರಿಗೆ ಬೇರೊಂದು ಲೆಕ್ಕವಿದೆ. ಮಾಮೂಲು ದಿನಗಳಲ್ಲಿ ಮೂವತ್ತು ಕುರಿಗೆ ಒಂದು ಟಗರು ಸಾಕು. ಮೂವತ್ತೂ ಎರಡೇ ದಿನದಲ್ಲಿ ಬೆದೆಗೆ ಬಂದರೆ ಅದು ಸೋತುಹೋಗುತ್ತದೆ. ಹತ್ತು ಕುರಿಗೆ ಒಂದರಂತೆ ಟಗರು ಹೊಂದಿಸಿಕೊಳ್ಳದೆ ಸ್ಪಂಜಿಗೆ ದುಡ್ಡು ಸುರಿಯುವುದು ದಂಡ.

ಟಗರೇ ಒಂದು ಔಷಧಿ

ಹಾರ್ಮೋನನ್ನು ಎಬ್ಬಿಸುವ ಮದ್ದು ಅಂಗಡಿಯಲ್ಲಿ ಮಾತ್ರ ಸಿಗುವುದಲ್ಲ, ಟಗರಿನ ಉಣ್ಣೆಯಲ್ಲೂ ಇದೆ. 1944ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಅಂಡರ್‌ವುಡ್ ಮತ್ತು ಸಹೋದ್ಯೋಗಿಗಳು ಮೆರಿನೋ ಹಿಂಡುಗಳಲ್ಲಿ ಒಂದು ವಿಚಿತ್ರ ದಾಖಲಿಸಿದರು: ಬಹಳ ದಿನ ಟಗರನ್ನು ಕಾಣದಿದ್ದ ಕುರಿಗಳ ನಡುವೆ ಟಗರು ಬಿಟ್ಟರೆ, ಬೆದೆಗಾಲವಲ್ಲದಿದ್ದರೂ ಅವು ಗುಂಪಾಗಿ ಬೆದೆಗೆ ಬರುತ್ತಿದ್ದವು. ಟಗರಿನ ಚರ್ಮದ ಜಿಡ್ಡು ಮತ್ತು ಉಣ್ಣೆಯ ವಾಸನೆ ಕುರಿಯ ಮೂಗಿಗೆ ತಾಗಿದ ಕೆಲವೇ ನಿಮಿಷದಲ್ಲಿ ಪಿಟ್ಯುಟರಿಯ ಮಿಡಿತ ಏರುತ್ತದೆ. ಎರಡು-ಮೂರು ದಿನದಲ್ಲಿ ಅಂಡ ಬೀಳುತ್ತದೆ.

ಈ ಮೊದಲ ಸಲ ಕುರಿ ಬೆದೆ ತೋರುವುದಿಲ್ಲ, ಟಗರಿಗೆ ನಿಲ್ಲುವುದೂ ಇಲ್ಲ. ಬೆದೆ ತೋರಲು ಮಿದುಳಿಗೆ ಮೊದಲು ಪ್ರೊಜೆಸ್ಟರಾನಿನ ಸ್ಪರ್ಶ ಆಗಿರಬೇಕು. ಆದ್ದರಿಂದ ಕೂಡುವಿಕೆ ನಡೆಯುವುದು ಮುಂದಿನ ಸುತ್ತುಗಳಲ್ಲಿ, ಟಗರು ಬಿಟ್ಟ 18-20ನೆಯ ದಿನ ಒಂದು ಗುಂಪು, 24-25ನೆಯ ದಿನ ಇನ್ನೊಂದು. ಕಾರಣ ತಿಳಿಯದವರು ಹತ್ತು ದಿನ ಕಾದು, ಏನೂ ಆಗಲಿಲ್ಲವೆಂದು ಟಗರನ್ನು ಹಿಂದಕ್ಕೆ ಕಟ್ಟಿಬಿಡುತ್ತಾರೆ.

ನಮ್ಮ ಹಿಂಡುಗಳಲ್ಲಿ ಟಗರು ವರ್ಷವಿಡೀ ಕುರಿಗಳ ಜೊತೆಗೇ ಮೇಯುತ್ತದೆ. ಹಾಗಾಗಿ ಅದರ ವಾಸನೆ ಕುರಿಗಳಿಗೆ ಹಳತು. ಒಂದು ತಿಂಗಳಾದರೂ ಕಣ್ಣು, ಕಿವಿ, ಮೂಗಿಗೆ ಸಿಗದಂತೆ ಬೇರೆ ರೊಪ್ಪದಲ್ಲಿಡಬೇಕು. ಇಲ್ಲವೇ ಇನ್ನೂ ಸರಳ ಉಪಾಯ: ಪಕ್ಕದೂರಿನ ಹಟ್ಟಿಯವರೊಂದಿಗೆ ಟಗರು ಅದಲುಬದಲು ಮಾಡುವುದು. ಹೊಸ ಟಗರಿಗೆ ಕುರಿಗಳು ಹೆಚ್ಚು ಸ್ಪಂದಿಸುತ್ತವೆ. ಅಪ್ಪನಿಗೆ ಮಗಳು ಗಬ್ಬವಾಗುವ ಒಳಸಂತಾನದ ಕೇಡೂ ತಪ್ಪುತ್ತದೆ. ಖರ್ಚು ಶೂನ್ಯ.

ಟಗರಿನ ಆರೋಗ್ಯಕ್ಕೂ ಒಂದು ಕ್ಯಾಲೆಂಡರಿದೆ. ವೀರ್ಯಾಣು ತಯಾರಾಗಲು ಸುಮಾರು ಏಳು ವಾರ ಬೇಕು, ಹೊರಬರಲು ಇನ್ನೆರಡು ವಾರ. ಜುಲೈ ಮಧ್ಯದಲ್ಲಿ ಹಿಂಡಿಗೆ ಬಿಡುವ ಟಗರಿನ ವೀರ್ಯ ಹುಟ್ಟುವುದು ಮೇ ತಿಂಗಳ ಸುಡುಬಿಸಿಲಲ್ಲಿ. ವೃಷಣ ಮೈಗಿಂತ ನಾಲ್ಕೈದು ಡಿಗ್ರಿ ತಂಪಾಗಿದ್ದರೆ ಮಾತ್ರ ವೀರ್ಯ ಗಟ್ಟಿ. ಮೇ ತಿಂಗಳಲ್ಲಿ ಟಗರಿಗೆ ನೆರಳು-ನೀರು ಕೊಡದವನು ಆರಿದ್ರ ಮಳೆಯ ಲಾಭವನ್ನು ಅರ್ಧ ಕಳೆದುಕೊಂಡಂತೆ.

ಎರಡು ವರ್ಷಕ್ಕೆ ಮೂರು ಸಲ

ಸರ್ಕಾರಿ ಕೈಪಿಡಿಗಳಲ್ಲಿ ಎರಡು ವರ್ಷಕ್ಕೆ ಮೂರು ಸಲ ಈಯಿಸುವ ಸಲಹೆ ಇರುತ್ತದೆ. ಐದು ತಿಂಗಳು ಗಬ್ಬ, ಮೂರು ತಿಂಗಳು ಹಾಲು. ಎಂಟು ತಿಂಗಳಿಗೊಂದು ಸುತ್ತು. ಅದನ್ನು ಇಲ್ಲಿನ ಮಳೆಯ ಮೇಲೆ ಇಟ್ಟು ನೋಡಿ. ಜುಲೈನಲ್ಲಿ ಗಬ್ಬ, ಡಿಸೆಂಬರ್‌ನಲ್ಲಿ ಮರಿ: ಮೇವು ಇದೆ, ಹಾರ್ಮೋನು ಬೇಡ. ಮಾರ್ಚ್‌ನಲ್ಲಿ ಗಬ್ಬ, ಆಗಸ್ಟ್‌ನಲ್ಲಿ ಮರಿ: ಹೊಸತೊಡಕಿನ ಬೆಲೆ ಸಿಗುವುದು ಇದಕ್ಕೇ, ಆದರೆ ಬೆದೆಗೆ ಬರಿಸುವುದು ಕಷ್ಟ. ನವೆಂಬರ್‌ನಲ್ಲಿ ಗಬ್ಬ, ಏಪ್ರಿಲ್‌ನಲ್ಲಿ ಮರಿ: ಗಬ್ಬವಾಗುವುದು ಸುಲಭ, ಆದರೆ ತಾಯಿಗೆ ಹಾಲಿಳಿಯಬೇಕಾದ ಹೊತ್ತಿಗೆ ಗುಡ್ಡ ಬೋಳು.

ಹಾರ್ಮೋನಿಗೆ ಕೆಲಸವಿರುವುದು ಮಾರ್ಚಿನ ಸುತ್ತಿನಲ್ಲಿ ಮಾತ್ರ. ಅಲ್ಲೂ ಮೊದಲು ಹೊಟ್ಟೆ ನೋಡಬೇಕು. ಸಂತೆಯಲ್ಲಿ ಕುರಿ ಕೊಳ್ಳುವಾಗ ಸೊಂಟದ ಮೂಳೆ ಒತ್ತಿ ನೋಡುತ್ತಾರಲ್ಲ, ಪಶುವೈದ್ಯರು ಅದನ್ನೇ ಒಂದರಿಂದ ಐದರ ಅಂಕದಲ್ಲಿ ಅಳೆಯುತ್ತಾರೆ. ಎರಡೂವರೆ-ಮೂರು ಇದ್ದರೆ ಬೆದೆಗೆ ಸರಿ. ಅದಕ್ಕಿಂತ ಕಡಿಮೆ ಇದ್ದ ಕುರಿಗೆ ಕೂಡಿಸುವ ಎರಡು-ಮೂರು ವಾರ ಮುಂಚಿನಿಂದ ದಿನಕ್ಕೆ 200ರಿಂದ 300 ಗ್ರಾಂ ಕೈತಿಂಡಿ ಕೊಡಬೇಕು. ಮುಸುಕಿನ ಜೋಳ, ಕಡಲೆಕಾಯಿ ಹಿಂಡಿ, ತೊಗರಿ ಹೊಟ್ಟು ಯಾವುದಾದರೂ ಸರಿ. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಲುಪಿನ್ ಎಂಬ ಕಾಳನ್ನು ಆರು ದಿನ ತಿನ್ನಿಸಿದ್ದಕ್ಕೇ ಕುರಿಗಳು ಹೆಚ್ಚು ಅಂಡ ಬಿಟ್ಟವು. ಹೈಪೋಥಲಮಸ್‌ಗೆ ಹೋಗುವ ವರದಿ ಅಷ್ಟು ಬೇಗ ಬದಲಾಗುತ್ತದೆ.

ಅವಳಿ ಮರಿಯ ಆಸೆಗೂ ಇದೇ ಮಾತು. ಇಸಿಜಿ ಪ್ರಮಾಣ ಹೆಚ್ಚಿಸಿದರೆ ಎರಡು-ಮೂರು ಅಂಡ ಬೀಳುತ್ತವೆ. ಹಾರ್ಮೋನಿಲ್ಲದೆ ಅವಳಿ ಕೊಡುವ ದಾರಿಯೂ ಇದೆ: ಬಂಗಾಳದ ಸುಂದರಬನದ ಗರೋಲ್ ಕುರಿಯ ಫೆಕ್-ಬಿ ಜೀನು. ಮಹಾರಾಷ್ಟ್ರದ ಫಲ್ಟಣದಲ್ಲಿ ನಿಂಬಕರ್ ಕೃಷಿ ಸಂಶೋಧನಾ ಸಂಸ್ಥೆ ಅದನ್ನು ದಖ್ಖನಿ ಕುರಿಗೆ ಸೇರಿಸಿ ‘ನಾರಿ ಸುವರ್ಣ’ ರೂಪಿಸಿತು. ನಮ್ಮ ಕುರಿಗಾರರಿಗೂ ಆ ಹೆಸರು ಪರಿಚಿತ. ಹೊಟ್ಟೆಯಲ್ಲಿನ ಮರಿ ಬಹುಪಾಲು ಬೆಳೆಯುವುದು ಗಬ್ಬದ ಕೊನೆಯ ಆರು ವಾರದಲ್ಲಿ. ಆಗ ಮೇವಿಲ್ಲದ ಕುರಿ ಎರಡು ಮರಿ ಹಾಕಿದರೆ ಎರಡೂ ನವೆಯುತ್ತವೆ, ಕೆಲವೊಮ್ಮೆ ತಾಯಿಯೂ ಉಳಿಯುವುದಿಲ್ಲ.

2019ರ ಜಾನುವಾರು ಗಣತಿಯಂತೆ ಕರ್ನಾಟಕದಲ್ಲಿ ಸುಮಾರು 1.1 ಕೋಟಿ ಕುರಿಗಳಿವೆ. ತೆಲಂಗಾಣ, ಆಂಧ್ರದ ನಂತರ ದೇಶದಲ್ಲಿ ಮೂರನೆಯ ಸ್ಥಾನ. ಅವುಗಳಲ್ಲಿ ಬಹುಪಾಲು ಮೇಯುವುದು ಬಯಲಿನಲ್ಲಿ, ಸಣ್ಣ ಹಿಂಡುಗಳಲ್ಲಿ. ಕೊಟ್ಟಿಗೆಯಲ್ಲಿ ಕಟ್ಟಿ ಮೇಯಿಸುವ, ಬೋರ್‌ವೆಲ್ ನೀರಿನಲ್ಲಿ ಹಸಿರು ಮೇವು ಬೆಳೆಯುವ, ಒಂದೇ ವಯಸ್ಸಿನ ನೂರು ಮರಿ ಒಟ್ಟಿಗೆ ಮಾರಬಯಸುವವನಿಗೆ ಸ್ಪಂಜು ಲಾಭದ ಸಾಧನ. ಅದನ್ನು ಪಶುವೈದ್ಯರ ಕೈಯಲ್ಲೇ, ಶುಚಿಯಾಗಿ, ಗಬ್ಬ ಪರೀಕ್ಷೆಯಾದ ಮೇಲೆ ಹಾಕಿಸಲಿ. ಒಮ್ಮೆಯೂ ಈಯದ ಎಳೆಗುರಿಗೆ ಬೇಡ. ಬಯಲಲ್ಲಿ ಮೇಯಿಸುವವನು ಸ್ಪಂಜಿಗೆ ಇಡುವ ದುಡ್ಡನ್ನು ಫೆಬ್ರವರಿಯಲ್ಲಿ ಒಂದೆರಡು ಮೂಟೆ ಹಿಂಡಿಗೆ ಹಾಕಲಿ, ಟಗರನ್ನು ತಿಂಗಳ ಕಾಲ ಬೇರೆ ಕಟ್ಟಲಿ, ಬಿಟ್ಟ ಮೇಲೆ 25 ದಿನ ತಾಳ್ಮೆಯಿಂದ ಕಾಯಲಿ. ಮೊದಲು ಮೇವು, ಆಮೇಲೆ ಟಗರು, ಅವೆರಡೂ ಸರಿಯಿದ್ದರೆ ಮಾತ್ರ ಹಾರ್ಮೋನು. ಈ ಕ್ರಮ ತಲೆಕೆಳಗಾದರೆ ಲಾಭ ಔಷಧಿ ಅಂಗಡಿಗೆ ಮಾತ್ರ.